ಹರಾಜಿನ ಮರುದಿನದ ಅಂಕಪಟ್ಟಿ

ಐಪಿಎಲ್ ಹರಾಜು ಮುಗಿದ ಮರುದಿನ ಪೇಪರು, ಟೀವಿ, ಫೋನು ಎಲ್ಲಿ ನೋಡಿದರೂ ಒಂದೇ.. ಅಂಕಪಟ್ಟಿ. ಆ ತಂಡಕ್ಕೆ ಹತ್ತಕ್ಕೆ ಒಂಬತ್ತು, ಈ ತಂಡಕ್ಕೆ ಏಳು, ನಮ್ಮ ಆರ್‌ಸಿಬಿಗೆ ಐದೋ ಆರೋ. ಒಂದು ಬಾಲ್ ಹಾಕಿಲ್ಲ, ಒಂದು ರನ್ ಓಡಿಲ್ಲ, ರಿಸಲ್ಟ್ ಮಾತ್ರ ಬಂದಾಯ್ತು!

ಅರಸೀಕೆರೆ ಕಡೆಯವನಾದ ನನಗೆ ಇದು ವಿಚಿತ್ರ ಅನ್ನಿಸುತ್ತೆ. ನಮ್ಮಲ್ಲೂ ಹರಾಜು ನಡೆಯುತ್ತೆ, ಕೊಬ್ಬರಿಯದು. ಹೆಚ್ಚು ರೇಟು ಹಾಕಿದ ಅಂತ ಯಾವ ವ್ಯಾಪಾರಿಯನ್ನೂ ಯಾರೂ ಜಾಣ ಅನ್ನೋದಿಲ್ಲ. ಕೊಂಡ ಮಾಲು ಉತ್ತರದ ಕಡೆ ಹೋಗಿ, ಅಲ್ಲಿ ಬಿಕರಿಯಾಗಿ, ಲೆಕ್ಕ ಚುಕ್ತಾ ಆದಮೇಲೆ ಅವನ ಬಗ್ಗೆ ಮಾತು. ಕ್ರಿಕೆಟ್ಟಿಗೆ ಮಾತ್ರ ಯಾಕೆ ಬೇರೆ ನ್ಯಾಯ?

2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ದೊಡ್ಡ ಹರಾಜು ಆಯ್ತಲ್ಲ, ಆಗ ನಮ್ಮವರ ಸಿಟ್ಟು ನೆನಪಿದೆಯಾ? ಕೆ.ಎಲ್.ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದ, ಸಿರಾಜ್ 12.25 ಕೋಟಿಗೆ ಗುಜರಾತಿಗೆ ಹೋದ, ನಮ್ಮವರು ಯಾರ್‍ಯಾರನ್ನೋ ತಂದರು ಅಂತ. 2025ರ ಜೂನ್ 3ರಂದು ಅದೇ ಯಾರ್‍ಯಾರೋ ಸೇರಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಕಪ್ ಎತ್ತಿದರು. 5.75 ಕೋಟಿಯ ಕೃಣಾಲ್ ಪಾಂಡ್ಯ ಫೈನಲ್ಲಿನಲ್ಲಿ 17 ರನ್ ಕೊಟ್ಟು 2 ವಿಕೆಟ್ ತೆಗೆದು ಪಂದ್ಯಶ್ರೇಷ್ಠನಾದ. ತಕ್ಷಣ ಐದು ಅಂಕ ಕೊಟ್ಟವರೆಲ್ಲ ಹತ್ತಕ್ಕೆ ಹತ್ತು ಕೊಟ್ಟರು. ನನ್ನ ಪ್ರಕಾರ ಆ ಐದೂ ತಪ್ಪು, ಈ ಹತ್ತೂ ತಪ್ಪು. ಮೊದಲು ಹೆಸರು ನೋಡಿ ಅಂಕ ಕೊಟ್ಟರು, ಆಮೇಲೆ ಕಪ್ ನೋಡಿ ಕೊಟ್ಟರು. ಆಯ್ಕೆಯನ್ನು ನೋಡಿದವರು ಯಾರು?

ಕಪ್ ಗೆದ್ದ ಮೇಲೂ ಹೇಳ್ತೀನಿ, ಲಿವಿಂಗ್‌ಸ್ಟನ್‌ಗೆ 8.75 ಕೋಟಿ ಜಾಸ್ತಿಯೇ. ಟಿಮ್ ಡೇವಿಡ್ ಅಂಥವನನ್ನು 3 ಕೋಟಿಗೆ ಹಿಡಿದದ್ದು ಜಾಣತನ. ಹೇಜಲ್‌ವುಡ್‌ಗೆ ಕೊಟ್ಟ 12.5 ಕೋಟಿ ಸರಿಯಾದ ಬೆಲೆ, ಯಾಕೆಂದರೆ ಚಿನ್ನಸ್ವಾಮಿಯ ಪುಟ್ಟ ಬೌಂಡರಿಗೆ ಬೇಕಾಗಿದ್ದದ್ದು ಲೆಂತ್ ಬಿಡದೆ ಹಾಕುವವನು. ಸೋತಿದ್ದರೂ ಇದನ್ನೇ ಹೇಳುತ್ತಿದ್ದೆ.

ಇದಕ್ಕೆ ಒಳ್ಳೆಯ ಉದಾಹರಣೆ 2008ರದು. ಐಪಿಎಲ್‌ನಲ್ಲಿ ಅಮೆರಿಕದ ಫುಟ್‌ಬಾಲಿನವರ ಡ್ರಾಫ್ಟ್ ಥರದ್ದು ಆಗ ನಡೆದಿತ್ತು. 19 ವರ್ಷದೊಳಗಿನ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ಕೂಗಿ ಕೊಳ್ಳಲಿಲ್ಲ, ಸರದಿ ಪ್ರಕಾರ ಆರಿಸಿದರು. ಡೆಲ್ಲಿಗೆ ಅವಕಾಶವಿದ್ದರೂ ತಮ್ಮೂರಿನ ಕೊಹ್ಲಿಯನ್ನು ಬಿಟ್ಟು ಎಡಗೈ ಬೌಲರ್ ಪ್ರದೀಪ್ ಸಂಗ್ವಾನ್‌ನನ್ನು ತಗೊಂಡರು. ನಮ್ಮವರು 30 ಸಾವಿರ ಡಾಲರಿಗೆ ಕೊಹ್ಲಿಯನ್ನು ತಂದರು. ಈಗ ಎಲ್ಲರೂ ಡೆಲ್ಲಿಯವರನ್ನು ನೋಡಿ ನಗ್ತಾರೆ. ಆದರೆ ಅವರ ಹತ್ತಿರ ಆಗಲೇ ಸೆಹ್ವಾಗ್, ಗಂಭೀರ್, ಧವನ್, ಡಿವಿಲಿಯರ್ಸ್ ಇದ್ದರು ಸ್ವಾಮಿ! ಇನ್ನೊಬ್ಬ ಬ್ಯಾಟ್ಸ್‌ಮನ್ನನ್ನು ಎಲ್ಲಿ ಕೂರಿಸೋದು? ಆ ವರ್ಷ ಡೆಲ್ಲಿ ಸೆಮಿಫೈನಲ್ ಆಡಿತು, ಮುಂದಿನ ವರ್ಷ ಲೀಗಿನಲ್ಲಿ ಮೊದಲ ಸ್ಥಾನ. ನಮ್ಮ ಕೊಹ್ಲಿ 2008ರಲ್ಲಿ 13 ಪಂದ್ಯ ಆಡಿ ಹೊಡೆದದ್ದು 165 ರನ್. ತಂಡ ಎಂಟರಲ್ಲಿ ಏಳನೆಯದು. ಆವತ್ತೇ ಅಂಕ ಹಾಕಿದ್ದರೆ ಯಾರು ಪಾಸು, ಯಾರು ಫೇಲು?

ಬೆಂಗಳೂರಿನವರು ಮಾಡಿದ ದೊಡ್ಡ ಕೆಲಸ ಆ ಹುಡುಗನನ್ನು ಆರಿಸಿದ್ದಲ್ಲ, 165 ರನ್ ನೋಡಿದ ಮೇಲೂ ಇಟ್ಟುಕೊಂಡದ್ದು. 2011ರ ಹರಾಜಿಗೆ ಮುಂಚೆ ಇಡೀ ತಂಡವನ್ನೇ ಬಿಟ್ಟು ಅವನೊಬ್ಬನನ್ನೇ ಉಳಿಸಿಕೊಂಡರು. ಅದಕ್ಕೆ ಯಾವ ಅಂಕಪಟ್ಟಿಯಲ್ಲಿ ಕಾಲಂ ಇದೆ ಹೇಳಿ?

(ಅಮೆರಿಕದಲ್ಲೂ ಇದೇ ಕಥೆ. 2000ದ ಡ್ರಾಫ್ಟಿನಲ್ಲಿ ಟಾಮ್ ಬ್ರೇಡಿಯನ್ನು ಆರಿಸಿದ್ದು 199ನೆಯವನಾಗಿ. ಅದಕ್ಕೆ ಮೊದಲು 198 ಸಲ ಬೇರೆ ಬೇರೆ ಜಾಣರು ಅವನನ್ನು ದಾಟಿ ಹೋಗಿದ್ದರು :-) )

ವಿನಿಮಯದ ಲೆಕ್ಕ ಇನ್ನೂ ಮಜವಾಗಿರುತ್ತೆ. 2009ರಲ್ಲಿ ಜಹೀರ್ ಖಾನ್‌ನನ್ನು ಮುಂಬೈಗೆ ಕೊಟ್ಟು ಕೊಡಗಿನ ರಾಬಿನ್ ಉತ್ತಪ್ಪನನ್ನು ತಂದರು. ನಮ್ಮ ಹುಡುಗ ಮನೆಗೆ ಬಂದ ಅಂತ ಕುಣಿದದ್ದೇ ಕುಣಿದದ್ದು. 2010ರಲ್ಲಿ ಉತ್ತಪ್ಪ 374 ರನ್ ಬಾರಿಸಿದ, ಸರಿ. ಆದರೆ ಅದೇ ವರ್ಷ ಸೆಮಿಫೈನಲ್ಲಿನಲ್ಲಿ ನಮ್ಮನ್ನು ಮನೆಗೆ ಕಳಿಸಿದ್ದು ಜಹೀರ್ ಇದ್ದ ಮುಂಬೈ. 2011ರಲ್ಲಿ ಉತ್ತಪ್ಪ ಪುಣೆಗೆ ಹೋದ, ಜಹೀರ್ ಮತ್ತೆ ಬೆಂಗಳೂರಿಗೆ ಬಂದ! ಇದರಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ ಅಂತ ಒಂದೇ ಸಾಲಿನಲ್ಲಿ ಬರೆಯೋಕೆ ನನ್ನಿಂದಂತೂ ಆಗೋದಿಲ್ಲ.

ಕೆಲವು ತಪ್ಪುಗಳು ಮಾತ್ರ ಅವತ್ತೇ ಕಾಣುತ್ತವೆ, ಕಾಯಬೇಕಾಗಿಲ್ಲ. 2018ಕ್ಕೆ ಮುಂಚೆ ಆರ್‌ಸಿಬಿ ಕೊಹ್ಲಿ, ಡಿವಿಲಿಯರ್ಸ್ ಜೊತೆ ಸರ್ಫರಾಜ್ ಖಾನ್‌ನನ್ನು ಉಳಿಸಿಕೊಂಡು ರಾಹುಲ್‌ನನ್ನು ಬಿಟ್ಟಿತು. ರಾಹುಲ್ 2016ರಲ್ಲಿ 397 ರನ್ ಮಾಡಿದ್ದ, ಗಾಯದಿಂದ 2017ರಲ್ಲಿ ಆಡಿರಲಿಲ್ಲ. ಅವನನ್ನು ಮೂರನೆಯವನಾಗಿ ಉಳಿಸಿಕೊಳ್ಳೋಕೆ ಲೆಕ್ಕದಲ್ಲಿ ಕಳೆಯುತ್ತಿದ್ದದ್ದು 7 ಕೋಟಿ. ಹರಾಜಿನಲ್ಲಿ ಪಂಜಾಬ್ ಕೊಟ್ಟದ್ದು 11 ಕೋಟಿ. ಏಳಕ್ಕೆ ಕೈಯಲ್ಲಿದ್ದ ಮಾಲನ್ನು ಬಿಟ್ಟಿರಿ, ಪೇಟೆಯಲ್ಲಿ ಅದಕ್ಕೆ ಹನ್ನೊಂದು ಬಂತು. ಆ ಸೀಸನ್ನಿನಲ್ಲಿ ಅವನು 659 ರನ್ ಹೊಡೆಯದೆ ಸೊನ್ನೆ ಸುತ್ತಿದ್ದರೂ ಇದು ತಪ್ಪು ವ್ಯಾಪಾರವೇ.

ನೋಡಿ, ಇಲ್ಲಿ ನಾನು ರಾಹುಲ್ ಕನ್ನಡಿಗ ಅಂತ ವಾದ ಮಾಡ್ತಿಲ್ಲ. ಆ ವಾದ ನನಗೂ ಪ್ರಿಯವೇ, ಆದರೆ ಅದರಿಂದ ತೂಕ ಸರಿಯಾಗಿ ಸಿಗೋದಿಲ್ಲ. 2022ರಲ್ಲಿ ನಮ್ಮ ರಾಜ್ಯದ ಲವನೀತ್ ಸಿಸೋಡಿಯಾ ಗಾಯಗೊಂಡ ಅಂತ ಅವನ ಜಾಗಕ್ಕೆ 20 ಲಕ್ಷಕ್ಕೆ ಕರೆಸಿದ್ದು, ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದ ಮಧ್ಯಪ್ರದೇಶದ ರಜತ್ ಪಾಟೀದಾರ್‌ನನ್ನು. ಅವನು ಎಲಿಮಿನೇಟರ್‌ನಲ್ಲಿ ಔಟಾಗದೆ 112 ಹೊಡೆದ, 2025ರಲ್ಲಿ ಕ್ಯಾಪ್ಟನ್ ಆಗಿ ಕಪ್ ತಂದ. ಮತ್ತೊಂದು ಕಡೆ ನಮ್ಮ ಪ್ರಸಿದ್ಧ್ ಕೃಷ್ಣ ಅದೇ 2025ರಲ್ಲಿ ಗುಜರಾತಿನ ಪರ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡ. ಊರಿನ ಹೆಸರು ನೋಡಿ ಎರಡನ್ನೂ ಊಹಿಸೋಕೆ ಆಗುತ್ತಿರಲಿಲ್ಲ.

ಊರಿನ ಮಾತು ಬಂತು ಅಂದಮೇಲೆ ನಮ್ಮ ತಾಲ್ಲೂಕಿನದನ್ನೂ ಹೇಳಬೇಕು. ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಜಾವಗಲ್ ಸಿಗುತ್ತೆ, ಶ್ರೀನಾಥ್ ಹೆಸರಿನ ಮುಂದಿರುವ ಜಾವಗಲ್. ಡೇವಿಡ್ ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ. ಒಂದೇ ತಾಲ್ಲೂಕಿನ ನಂಟಿರುವ ಇಬ್ಬರು ವೇಗದ ಬೌಲರುಗಳು. 1996ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ದೆಹಲಿ ಟೆಸ್ಟಿಗೆ ಶ್ರೀನಾಥ್ ಗಾಯಗೊಂಡಿದ್ದರಿಂದಲೇ ಜಾನ್ಸನ್‌ಗೆ ಜಾಗ ಸಿಕ್ಕಿದ್ದು. ಡಿಸೆಂಬರಿನಲ್ಲಿ ಡರ್ಬನ್‌ನಲ್ಲಿ ಇಬ್ಬರೂ ಒಟ್ಟಿಗೆ ಆಡಿದರು. ಆ ಪಂದ್ಯದಲ್ಲಿ ನಮ್ಮ ತಂಡ 100ಕ್ಕೆ, ಮತ್ತೆ 66ಕ್ಕೆ ಆಲೌಟ್. ಜಾನ್ಸನ್ ಮತ್ತೆ ಟೆಸ್ಟ್ ಆಡಲಿಲ್ಲ. ಎರಡು ಟೆಸ್ಟ್, ಮೂರು ವಿಕೆಟ್. 2024ರ ಜೂನ್‌ನಲ್ಲಿ ತೀರಿಕೊಂಡಾಗ ಪೇಪರಿನಲ್ಲಿ ಬಂದದ್ದೂ ಇದೇ ಅಂಕಿ.

ಶ್ರೀನಾಥ್ 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದರೂ ನಮ್ಮ ನೆಲದಲ್ಲಿ ಟೆಸ್ಟ್ ಆಡಿದ್ದು 1994ರಲ್ಲಿ. ಅಲ್ಲಿಯವರೆಗೆ ಇಲ್ಲಿ ಸ್ಪಿನ್ನರುಗಳದೇ ರಾಜ್ಯ. ಆದರೂ ಅವರನ್ನು ಕೈಬಿಡಲಿಲ್ಲ, ಕೊನೆಗೆ 67 ಟೆಸ್ಟ್, 236 ವಿಕೆಟ್. ಜಾನ್ಸನ್ ಅಷ್ಟೇ ಎತ್ತರಕ್ಕೆ ಏರುತ್ತಿದ್ದರು ಅಂತ ನಾನು ಹೇಳೋದಿಲ್ಲ. ಎರಡು ಟೆಸ್ಟಿನಿಂದ ಆರಿಸಿದವರ ಜಾಣತನವನ್ನೂ ಅಳೆಯೋಕೆ ಆಗೋದಿಲ್ಲ, ಆಡಿದವನ ಯೋಗ್ಯತೆಯನ್ನೂ ಅಳೆಯೋಕೆ ಆಗೋದಿಲ್ಲ ಅಂತಷ್ಟೇ. ಆರಿಸಿದ ಮೇಲೆ ಆ ಹುಡುಗನನ್ನು ಏನು ಮಾಡಿದಿರಿ ಅನ್ನೋದೂ ಆಯ್ಕೆಯ ಭಾಗವೇ ಅಲ್ವಾ? 2021ರಲ್ಲಿ ಚೆನ್ನೈ ನಮ್ಮ ಕೆ.ಗೌತಮ್‌ಗೆ 9.25 ಕೋಟಿ ಕೊಟ್ಟು ಇಡೀ ಸೀಸನ್ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಕಪ್ ಅವರೇ ಗೆದ್ದರು, ಹಾಗಾಗಿ ಯಾರೂ ಕೇಳಲಿಲ್ಲ. ನಾನು ಆ ಖರೀದಿಗೆ ಸೊನ್ನೆ ಕೊಡ್ತೀನಿ.

ಇದು ದೊಡ್ಡ ಊರಿನ ಹುಡುಗರಿಗೆ ಅಷ್ಟು ತಟ್ಟೋದಿಲ್ಲ. ನಮ್ಮಂಥ ಕಡೆಯವರಿಗೆ ತಟ್ಟುತ್ತೆ. ಮಹಾರಾಜ ಟ್ರೋಫಿಯಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಗುಲ್ಬರ್ಗ ಅಂತ ಆರು ತಂಡಗಳಿವೆ, ಹಾಸನದ ಹೆಸರಿನದು ಇಲ್ಲ. ಬೇಲೂರಿನ ಯಾವನೋ ಹುಡುಗ ಆ ಹರಾಜಿನಲ್ಲಿ ಒಂದು ತಂಡಕ್ಕೆ ಬಿದ್ದು, ಎರಡು ಪಂದ್ಯದಲ್ಲಿ ಹೊಡೆಸಿಕೊಂಡರೆ, ಮರುವರ್ಷ ಅವನ ಹೆಸರಿನ ಮುಂದೆ ನಿಲ್ಲೋದು ಆ ಎರಡು ಪಂದ್ಯದ ಲೆಕ್ಕ ಮಾತ್ರ.

ಬೇಲೂರು ಅಂದಾಗ ಹೊಳೆಯಿತು. ಅಲ್ಲಿನ ದೇವಸ್ಥಾನದಲ್ಲಿ ದಾಸೋಜ, ಚಾವಣ ಮೊದಲಾದ ಶಿಲ್ಪಿಗಳು ವಿಗ್ರಹದ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಒಂಬೈನೂರು ವರ್ಷದ ಮೇಲೂ ಇದು ಯಾರ ಕೆಲಸ ಅಂತ ಗೊತ್ತಾಗುತ್ತೆ. ಅಂಕ ಹಾಕುವವರೂ ಹಾಗೇ ಮಾಡಲಿ. ಯಾರನ್ನು, ಯಾವ ಬೆಲೆಗೆ, ಯಾವ ಜಾಗಕ್ಕೆ, ಯಾರನ್ನು ಬಿಟ್ಟು ತಗೊಂಡರು, ಅದು ಯಾಕೆ ಸರಿ ಅಥವಾ ತಪ್ಪು ಅಂತ ಹೆಸರು, ತಾರೀಕು ಹಾಕಿ ಬರೆದಿಡಲಿ. ಮೂರು ವರ್ಷ ಬಿಟ್ಟು ಅದನ್ನೇ ತೆಗೆದು ಓದೋಣ. ಬ್ಲಾಗ್ ಇಟ್ಟುಕೊಂಡಿರೋ ನಮಗೆ ಇದು ಸುಲಭ, ತಾರೀಕು ತಾನಾಗೇ ಬೀಳುತ್ತೆ. ಮುಂದಿನ ಹರಾಜಿಗೆ ಯಾರ್‍ಯಾರು ಬರೀತೀರಿ, ಕೆಳಗೆ ಹೇಳಿ. ನಂದಂತೂ ಇಲ್ಲೇ ಇರುತ್ತೆ.