ಡಿಸ್ಕ್ ಪೆಟ್ಟಿಗೆಗೂ ಸ್ವಲ್ಪ ಗಾಳಿ ಬಿಡಿ



ನಮ್ಮಲ್ಲಿ ಹಲವರ ಮನೆಯಲ್ಲಿ ಈಗ ಒಂದು "ನ್ಯಾಸ್" ಪೆಟ್ಟಿಗೆ ಇದೆ. ಎರಡೋ ನಾಲ್ಕೋ ಹಾರ್ಡ್ ಡಿಸ್ಕ್ ಹಾಕಿ, ರೂಟರಿಗೆ ಸಿಕ್ಕಿಸಿ, ಮಗುವಿನ ನಾಮಕರಣ, ತಂಗಿಯ ಮದುವೆ, ಈಗ ನಮ್ಮೊಡನಿಲ್ಲದ ಅಜ್ಜಿ ಹೇಳಿದ ಸೋಬಾನೆ ಹಾಡು, ಎಲ್ಲವನ್ನೂ ಅದರೊಳಗೆ ತುಂಬಿರುತ್ತೇವೆ. ಆಮೇಲೆ ಗುರ್ ಎನ್ನುತ್ತದೆ ಅಂತ ಅದನ್ನು ಶೂ ಕಪಾಟಿನೊಳಗೆ ತಳ್ಳಿ ಬಾಗಿಲು ಮುಚ್ಚುತ್ತೇವೆ. ಇದು ಸರಿಯಲ್ಲ ಅನ್ನುವುದು ನನ್ನ ವಾದ.

ಜರ್ಮನಿಯಲ್ಲಿ ಎಂಥಾ ಸೆಖೆ ಅನ್ನಬೇಡಿ. ನಮ್ಮ ಕಾರ್ಲ್ಸ್‌ರುಹೆ ಇರುವುದು ರೈನ್ ಕಣಿವೆಯಲ್ಲಿ. 2003ರ ಆಗಸ್ಟಿನಲ್ಲಿ ಇಲ್ಲಿ 40.2 ಡಿಗ್ರಿ ದಾಖಲಾಗಿತ್ತು, ರಾಯಚೂರಿನವರೂ ಉಸ್ಸಪ್ಪಾ ಅನ್ನುವಷ್ಟು! ಮನೆಗಳಲ್ಲಿ ಏಸಿ ಅಪರೂಪ. ಮಾಡಿನ ಕೆಳಗಿನ ಮನೆಯಾದರಂತೂ ಕೇಳುವುದೇ ಬೇಡ.

ಡಿಸ್ಕ್ ತಿರುಗುತ್ತಿದ್ದರೆ ಬಿಸಿಯಾಗಲೇಬೇಕು. ಪೆಟ್ಟಿಗೆಯ ಫ್ಯಾನ್ ಆ ಬಿಸಿಯನ್ನು ಹೊರಗೆ ದೂಡುತ್ತದೆಯೇ ಹೊರತು ತಂಪನ್ನು ಹುಟ್ಟಿಸುವುದಿಲ್ಲ. ಕೋಣೆ 32 ಡಿಗ್ರಿ ಇದ್ದರೆ ಡಿಸ್ಕ್ ಅದಕ್ಕಿಂತ ಮೇಲೆಯೇ ಇರುತ್ತದೆ. ಮುಚ್ಚಿದ ಕಪಾಟಿನಲ್ಲಾದರೆ ಹೊರಗೆ ದೂಡಿದ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಒಳಗೆಳೆಯುತ್ತದೆ. ಎಷ್ಟು ದೊಡ್ಡ ಫ್ಯಾನ್ ತಂದರೂ ಅಷ್ಟೇ. ನನ್ನ ಸ್ನೇಹಿತರು ಕೆಲವರು ಫ್ಯಾನಿಗೇ ಐವತ್ತು ಯೂರೋ ಸುರಿದಿದ್ದಾರೆ, ಕಪಾಟಿನ ಬಾಗಿಲು ಮಾತ್ರ ತೆಗೆದಿಲ್ಲ.

ಹಾಗಂತ ಗಾಬರಿಯೂ ಬೇಡ. ಗೂಗಲ್‌ನವರು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಎಲ್ಲರೂ ನಂಬಿದ್ದಷ್ಟು ನಂಟು ಅದರಲ್ಲಿ ಕಾಣಲಿಲ್ಲ. ತೀರಾ ತಣ್ಣಗಿದ್ದವೇ ಹೆಚ್ಚು ಕೆಟ್ಟಿದ್ದವು. ಆದರೆ ವಯಸ್ಸಾದ ಡಿಸ್ಕುಗಳು ಬಿಸಿ ಹೆಚ್ಚಾದಾಗ ಹೆಚ್ಚು ಕೆಟ್ಟಿದ್ದೂ ಕಂಡಿತು. ನಮ್ಮ ಮನೆಗಳಲ್ಲಿ ಇರುವುದು ಅಂಥವೇ ಅಲ್ಲವೇ? ಕೆಡುವವರೆಗೂ ಬದಲಾಯಿಸುವವರು ಯಾರು! ಪೆಟ್ಟಿಗೆಯ ಪುಟ ತೆರೆದರೆ ಪ್ರತಿ ಡಿಸ್ಕಿನ ಉಷ್ಣತೆ ಕಾಣುತ್ತದೆ. ನಲವತ್ತರ ಆಸುಪಾಸು ಇದ್ದರೆ ನಿಶ್ಚಿಂತೆಯಿಂದ ಕಾಫಿ ಕುಡಿಯಿರಿ. ಐವತ್ತು ದಾಟುತ್ತಿದ್ದರೆ ಪೆಟ್ಟಿಗೆಯನ್ನು ಹೊರಗಿಡಿ, ಹಿಂದೆ ಒಂದು ಗೇಣು ಜಾಗ ಬಿಡಿ, ಧೂಳು ಒರೆಸಿ. ನೆಲಮಾಳಿಗೆ ತಂಪೇನೋ ಹೌದು, ಆದರೆ ಹಳೇ ಕಟ್ಟಡವಾದರೆ ತೇವ ಬಹಳ. ನಾನಂತೂ ಇಡುವುದಿಲ್ಲ.

ನನಗೆ ಹೆಚ್ಚು ಚಿಂತೆ ಬೇಸಿಗೆ ರಜೆಯದು. ನಮ್ಮ ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ಶಾಲೆಗೆ ರಜೆ ಜುಲೈ ಕೊನೆಗೆ ಶುರುವಾಗಿ ಸೆಪ್ಟೆಂಬರ್‌ವರೆಗೆ ಇರುತ್ತದೆ. ನಾವೆಲ್ಲ ಊರಿಗೆ ಹಾರುವುದು ಆಗಲೇ. ಕಿಟಕಿ ಮುಚ್ಚಿದ ಮನೆಯಲ್ಲಿ, ಸೆಖೆಯ ದಿನಗಳಲ್ಲೇ, ಪೆಟ್ಟಿಗೆ ಆರು ವಾರ ಒಂಟಿಯಾಗಿ ತಿರುಗುತ್ತಿರುತ್ತದೆ. ಊರಲ್ಲಿ ಕೂತು ಫೋಟೋ ತೋರಿಸಬೇಕು ಅಂತ ಅದನ್ನು ಆನ್ ಇಟ್ಟು ಬರುವವರಿದ್ದಾರೆ. ಬೇಕಾದ ನೂರು ಫೋಟೋ ಫೋನಿಗೆ ಹಾಕಿಕೊಂಡರೆ ಸಾಲದೇ? ಹೊರಡುವ ದಿನ ಗ್ಯಾಸ್, ನಲ್ಲಿ ನೋಡುವಂತೆ ಇದನ್ನೂ ಕ್ರಮವಾಗಿ ಶಟ್‌ಡೌನ್ ಮಾಡಿ.

ಇನ್ನೊಂದು ಮಾತು. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಜೋಡಿಯಾಗಿದ್ದರೆ ಅದು ಬ್ಯಾಕಪ್ ಅಲ್ಲ. ಒಂದೇ ಸೆಖೆಯಲ್ಲಿ ಎರಡೂ ಬೇಯುತ್ತವೆ. ಹೇಗೂ ಊರಿಗೆ ಹೊರಟಿದ್ದೀರಿ, ಎಲ್ಲದರ ಪ್ರತಿಯನ್ನು ಸಣ್ಣದೊಂದು ಡಿಸ್ಕಿಗೆ ಹಾಕಿಕೊಂಡು ಹೋಗಿ ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕ ಇಟ್ಟು ಬನ್ನಿ. ಮುಂದಿನ ವರ್ಷ ಹೋದಾಗ ಹೊಸ ಪ್ರತಿ ಕೊಟ್ಟು ಹಳೆಯದನ್ನು ತಂದರಾಯಿತು.