ಅಗಲವಾದ ಹಿಂಚಕ್ರಗಳು

ಕಾರಿನ ಹಿಂಚಕ್ರಗಳಿಗೆ ಅಗಲವಾದ ಟೈರುಗಳನ್ನು ತೊಡಿಸುವ ಹಂಬಲ ನಮ್ಮ ತರುಣರಲ್ಲಿ ಉಂಟು. ಟೈರು ಅಗಲವಾದಷ್ಟೂ ಹಿಡಿತ ಹೆಚ್ಚೆಂಬ ನಂಬಿಕೆಯೇ ಇದಕ್ಕೆ ಮೂಲ. ಆ ನಂಬಿಕೆಯನ್ನು ನಾವು ಪರೀಕ್ಷಿಸಿ ನೋಡೋಣ.

1964ರ ಪಾಂಟಿಯಾಕ್ ಜಿ.ಟಿ.ಓ.ದಂತಹ ಅಮೆರಿಕದ ಬಲಿಷ್ಠ ಕಾರುಗಳಲ್ಲಿ ಎಂಜಿನ್ನಿನ ಶಕ್ತಿಯು ಹಿಂಚಕ್ರಗಳಿಗೆ ಹೋಗುತ್ತದೆ. ವೇಗ ಏರುವಾಗ ಭಾರವೂ ಹಿಂದಕ್ಕೆ ವಾಲುತ್ತದೆ. ಅಲ್ಲಿ ಅಗಲವಾದ ಟೈರಿಗೆ ಅರ್ಥವುಂಟು. ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲನ್ನು ಎಳೆಯುವುದು ಮುಂಚಕ್ರಗಳು. ಹಿಂದಿನ ಟೈರು ಅಗಲವಾದರೆ ಅವುಗಳ ಎಳೆತವೇನೂ ಹೆಚ್ಚದು.

ಒಂದು ಚಕ್ರದ ಮೇಲೆ 300 ಕಿಲೋಗ್ರಾಂ ಭಾರವಿದ್ದು, ಟೈರಿನ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಇದ್ದರೆ, ನೆಲ ಮುಟ್ಟುವ ಭಾಗವು ಸುಮಾರು 150 ಚದರ ಸೆಂಟಿಮೀಟರು. ಒತ್ತಡ ಅಷ್ಟೇ ಇದ್ದರೆ, ಟೈರು ಅಗಲವಾದರೂ ಈ ವಿಸ್ತೀರ್ಣ ಹೆಚ್ಚು ಬದಲಾಗದು. ಆಕಾರ ಮಾತ್ರ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಹೀಗೆ ಹಿಗ್ಗಿದ ಟೈರು ಮಳೆಯಲ್ಲಿ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ವೇಗ ಮಿತಿಮೀರಿ ಅದು ಸಾಧ್ಯವಾಗದಾಗ ಚಕ್ರವು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಕಾರಿನ ಹಿಂಭಾಗ ಪಕ್ಕಕ್ಕೆ ಜಾರುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುತ್ತದೆ. ಆಟಿಯ ಮಳೆಯಲ್ಲಿ ಹೆದ್ದಾರಿಯ ಮೇಲೆ ಇದು ಪ್ರಾಣದ ಪ್ರಶ್ನೆ. ತಯಾರಕರು ನಿಗದಿಪಡಿಸಿದ ವಿವರಗಳನ್ನು ಮನಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವೂ ನಿಷೇಧಿಸುತ್ತದೆ.

ಕಾರಿನ ಟೈರಿನ ಗೀರುಗಳು ಕನಿಷ್ಠ 1.6 ಮಿಲಿಮೀಟರು ಆಳವಿರಬೇಕೆಂಬುದು ನಿಯಮ. ಮಳೆಗಾಲಕ್ಕೆ ಮುಂಚೆ ಅದನ್ನು ಅಳೆದು ನೋಡುವವನೇ ಜಾಣ ಚಾಲಕನೆಂಬುದು ನಮ್ಮ ಅಭಿಪ್ರಾಯ.