ಚಂದ್ರನ ಚಿತ್ರಗಳಿಗೊಂದು ಕಣಜ

ಕೆಂಗೇರಿ ದಾಟಿ, ದೊಡ್ಡಾಲದ ಮರದ ದಾರಿ ಹಿಡಿದು ಇನ್ನಷ್ಟು ದೂರ ಸಾಗಿದರೆ ಬ್ಯಾಲಾಳು ಎಂಬ ಹಳ್ಳಿ ಸಿಗುತ್ತದೆ. ಬೋಗುಣಿಯಂಥ ತಗ್ಗು ನೆಲ; ನಗರದ ರೇಡಿಯೊ ಗದ್ದಲಕ್ಕೆ ಸುತ್ತಲಿನ ದಿಬ್ಬಗಳೇ ಅಡ್ಡಗೋಡೆ. ಇಸ್ರೊ ಸಂಸ್ಥೆ ಇಲ್ಲಿ 18 ಮೀಟರ್ ಹಾಗೂ 32 ಮೀಟರ್ ವ್ಯಾಸದ ಆಂಟೆನಾಗಳನ್ನು ನಿಲ್ಲಿಸಿದೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರ ಕ್ಷೀಣ ದನಿಯನ್ನು ಆಲಿಸಿದ್ದು ಈ ಕಿವಿಗಳೇ.

ಆಂಟೆನಾ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಹಿಡಿದ ಮಾಹಿತಿಯನ್ನು ಕಾಪಿಡುವ ಕಣಜ ಮಾತ್ರ ಯಾರಿಗೂ ಕಾಣುವುದಿಲ್ಲ. ಬ್ಯಾಲಾಳುವಿನಲ್ಲೇ ಇರುವ ಭಾರತೀಯ ಅಂತರಿಕ್ಷ ವಿಜ್ಞಾನ ದತ್ತಾಂಶ ಕೇಂದ್ರದ ಕೆಲಸ ಅದು. ಇಂಥ ಕಣಜವನ್ನು ಕಟ್ಟುವ ಮುನ್ನ ಏನೇನು ಲೆಕ್ಕ ಹಾಕಬೇಕು? ಪಿಯುಸಿ ವಿದ್ಯಾರ್ಥಿಗೂ ಎಟುಕುವ ಗಣಿತವಿದು.

ಮೊದಲ ಪ್ರಶ್ನೆ: ಎಷ್ಟು ತುಂಬಬೇಕು? ಚಂದ್ರಯಾನ-1ರಲ್ಲಿ 11 ಉಪಕರಣಗಳಿದ್ದವು. ಅವುಗಳಲ್ಲೊಂದು ಚಂದ್ರನ ನೆಲದ ಏರುತಗ್ಗುಗಳ ನಕ್ಷೆ ತೆಗೆಯುವ ಕ್ಯಾಮೆರಾ. ಅದರ ಚಿತ್ರದ ಒಂದು ಚುಕ್ಕೆ ನೆಲದ ಮೇಲಿನ ಐದು ಮೀಟರಿಗೆ ಸಮ. ಅಂದರೆ ಒಂದು ಕಿಲೋಮೀಟರಿಗೆ 200 ಚುಕ್ಕೆ, ಒಂದು ಚದರ ಕಿಲೋಮೀಟರಿಗೆ 40,000. ಚಂದ್ರನ ಮೇಲ್ಮೈ ಸುಮಾರು 3 ಕೋಟಿ 80 ಲಕ್ಷ ಚದರ ಕಿಲೋಮೀಟರ್. ಗುಣಿಸಿ ನೋಡಿ: ಒಂದೂವರೆ ಲಕ್ಷ ಕೋಟಿ ಚುಕ್ಕೆ! ಚುಕ್ಕೆಗೊಂದು ಬೈಟ್ ಎಂದರೂ ಒಂದೂವರೆ ಟೆರಾಬೈಟ್. ಈ ಕ್ಯಾಮೆರಾ ಒಂದೇ ಜಾಗವನ್ನು ಮುಂದಿನಿಂದ, ನೇರದಿಂದ, ಹಿಂದಿನಿಂದ ಹೀಗೆ ಮೂರು ಕೋನಗಳಲ್ಲಿ ನೋಡುತ್ತಿತ್ತು. ಆದ್ದರಿಂದ ಇಡೀ ಚಂದ್ರನಿಗೆ ನಾಲ್ಕೂವರೆ ಟೆರಾಬೈಟ್ ಬೇಕು. ಇದು ಕಚ್ಚಾ ಸರಕಿನ ಲೆಕ್ಕ. ತಿದ್ದಿ ಸಂಸ್ಕರಿಸಿದ ಪ್ರತಿಗಳು ಬೇರೆ. ಆಮೇಲೆ ಮಂಗಳಯಾನ, ಆಸ್ಟ್ರೊಸ್ಯಾಟ್, ಚಂದ್ರಯಾನ-2, ಆದಿತ್ಯ ಎಂದು ಸಾಲು ಬೆಳೆಯಿತು. ಹೀಗಾಗಿ ಕಣಜವನ್ನು ಇಂದಿನ ಫಸಲಿಗಷ್ಟೇ ಅಳೆದು ಕಟ್ಟಿದರೆ ಸಾಲದು.

ಎರಡನೆಯ ಪ್ರಶ್ನೆ: ಎಲ್ಲಿ ತುಂಬಬೇಕು? ವಿಜಯನಗರದ ಒಂದು ಬೀದಿಯನ್ನು ನೆನೆಯಿರಿ. ಪ್ರತಿ ಮನೆಗೂ ತನ್ನದೇ ಸಂಪು. ಒಂದು ಮನೆಯ ಸಂಪು ತುಂಬಿ ಹರಿಯುತ್ತಿದ್ದರೂ ಪಕ್ಕದ ಮನೆಯ ನಲ್ಲಿ ಒಣಗಿರುತ್ತದೆ. ಪ್ರತಿ ಕಂಪ್ಯೂಟರಿಗೂ ಅದರದೇ ಡಿಸ್ಕ್ ಜೋಡಿಸಿದರೆ ಆಗುವುದೂ ಇದೇ. ಬದಲಿಗೆ ಎಲ್ಲ ಡಿಸ್ಕ್‌ಗಳನ್ನೂ ಒಂದೆಡೆ ಸೇರಿಸಿ ದೊಡ್ಡ ಜಲಾಶಯದಂತೆ ಮಾಡಿ, ಅಲ್ಲಿಂದ ಪ್ರತಿ ಕಂಪ್ಯೂಟರಿಗೂ ಪ್ರತ್ಯೇಕ ಕೊಳವೆ ಎಳೆಯಬಹುದು. ಇದೇ ಸ್ಟೋರೇಜ್ ಏರಿಯಾ ನೆಟ್‌ವರ್ಕ್, ಅರ್ಥಾತ್ ಸಂಗ್ರಹ ಜಾಲ. ಕಚೇರಿಯ ಸಾಮಾನ್ಯ ಜಾಲದ ಸಂದಣಿಗೆ ಸಿಲುಕದೆ, ಮಾಹಿತಿ ತನ್ನದೇ ಹಾದಿಯಲ್ಲಿ ಓಡಾಡುತ್ತದೆ. ಯಾವ ಕಂಪ್ಯೂಟರಿಗೆ ಯಾವ ಭಾಗ ಕಾಣಬೇಕು, ಯಾವುದು ಕಾಣಬಾರದು ಎಂಬುದನ್ನೂ ಮೊದಲೇ ಗೊತ್ತುಪಡಿಸಬೇಕು. ಇಲ್ಲವಾದರೆ ಒಂದರ ಬರಹದ ಮೇಲೆ ಇನ್ನೊಂದು ಬರೆದುಬಿಟ್ಟೀತು.

ಮೂರನೆಯದು ವೇಗ. ಸೆಕೆಂಡಿಗೆ 150 ಮೆಗಾಬೈಟ್ ಓದುವ ಒಂದೇ ಡಿಸ್ಕಿನಿಂದ ನಾಲ್ಕೂವರೆ ಟೆರಾಬೈಟ್ ಹೊರತೆಗೆಯಲು ಎಂಟು ಗಂಟೆಗೂ ಹೆಚ್ಚು ಬೇಕು. ಹಲವು ಡಿಸ್ಕ್‌ಗಳು ಒಟ್ಟಾಗಿ ಓದಿ, ಸೆಕೆಂಡಿಗೆ 800 ಮೆಗಾಬೈಟ್ ಸಾಗಿಸುವ ಕೊಳವೆಗೆ ಹರಿಸಿದರೆ ಸುಮಾರು ಒಂದೂವರೆ ಗಂಟೆ ಸಾಕು. ತೊಟ್ಟಿ ದೊಡ್ಡದಿದ್ದು ಕೊಳವೆ ಸಣ್ಣದಾದರೂ, ಕೊಳವೆ ದಪ್ಪವಿದ್ದು ತೊಟ್ಟಿಯ ಬಾಯಿ ಕಿರಿದಾದರೂ ಪ್ರಯೋಜನವಿಲ್ಲ.

ನಾಲ್ಕನೆಯದು, ಕೆಟ್ಟರೆ ಏನು ಗತಿ? ಡಿಸ್ಕ್ ಎಂದಾದರೊಂದು ದಿನ ಕೆಡುವುದು ಖಚಿತ. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ಮೂವರು, ಅಗ್ಗದ ಡಿಸ್ಕ್‌ಗಳ ಗುಂಪನ್ನು ನಂಬಿಕೆಗೆ ಅರ್ಹವಾಗಿಸುವ ಉಪಾಯಗಳನ್ನು ಒಂದು ಪ್ರಬಂಧದಲ್ಲಿ ವಿವರಿಸಿದರು. ‘ರೇಡ್’ ಎಂದು ಹೆಸರಾದದ್ದು ಅದೇ. ಸರಳವಾಗಿ ಹೀಗೆ ತಿಳಿಯಬಹುದು: ಮೂರು ಡಿಸ್ಕ್‌ಗಳಲ್ಲಿ 5, 8, 4 ಇವೆ, ನಾಲ್ಕನೆಯದರಲ್ಲಿ ಅವುಗಳ ಮೊತ್ತ 17. ಎರಡನೆಯ ಡಿಸ್ಕ್ ಸತ್ತರೆ 17ರಿಂದ 5 ಮತ್ತು 4 ಕಳೆಯಿರಿ, 8 ಮರಳಿ ಸಿಗುತ್ತದೆ. ಯಂತ್ರ ಇದನ್ನೇ ಸೊನ್ನೆ–ಒಂದುಗಳ ಗಣಿತದಲ್ಲಿ ಮಾಡುತ್ತದೆ. ಕೊಳವೆಗಳೂ ಅಷ್ಟೇ: ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಸ್ವಿಚ್‌ಗಳ ಮೂಲಕ ಎರಡು ಹಾದಿ ಇರಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಅಪಾಯ ಉಳಿಯುತ್ತದೆ. ಅದು ಮನುಷ್ಯನ ಕೈ. ತಪ್ಪಿ ಅಳಿಸಿದ್ದು ಆ ಕ್ಷಣವೇ ಎಲ್ಲ ಡಿಸ್ಕ್‌ಗಳಿಂದಲೂ ಅಳಿದುಹೋಗುತ್ತದೆ; ರೇಡ್ ಅದನ್ನು ತಡೆಯಲಾರದು. 1969ರಲ್ಲಿ ಅಪೊಲೊ-11ರಿಂದ ಬಂದ ಚಂದ್ರನಡಿಗೆಯ ಮೂಲ ಟೇಪುಗಳು ಹಾಳಾದದ್ದು ಬೆಂಕಿಯಿಂದಲ್ಲ, ಪ್ರವಾಹದಿಂದಲೂ ಅಲ್ಲ. ಟೇಪಿನ ಕೊರತೆಯಿದ್ದ ಕಾಲದಲ್ಲಿ ಅವುಗಳನ್ನು ಅಳಿಸಿ ಮರುಬಳಕೆ ಮಾಡಿರಬೇಕೆಂದು 2009ರಲ್ಲಿ ನಾಸಾ ತಿಳಿಸಿತು. ಟೆಲಿವಿಷನ್ ಪ್ರಸಾರದ ಪ್ರತಿಗಳಿದ್ದವು ಎಂಬುದಷ್ಟೇ ಸಮಾಧಾನ. ಆದ್ದರಿಂದ ಐದನೆಯ ನಿಯಮ: ಇನ್ನೊಂದು ಪ್ರತಿ, ಇನ್ನೊಂದು ಊರಿನಲ್ಲಿ.

ಹಳೆಯ ಅಂಕಿಗಳನ್ನು ಇಷ್ಟು ಜೋಪಾನ ಮಾಡುವುದೇಕೆ? ಚಂದ್ರಯಾನ-1ರ ಸಂಪರ್ಕ 2009ರ ಆಗಸ್ಟ್ 29ರಂದು ಕಡಿದುಹೋಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅದರಲ್ಲಿದ್ದ ನಾಸಾ ಉಪಕರಣದ ಮಾಹಿತಿಯಿಂದ ಚಂದ್ರನ ನೆಲದಲ್ಲಿ ನೀರಿನ ಗುರುತು ಕಂಡ ಸುದ್ದಿ ಬಂತು. ಕಥೆ ಅಲ್ಲಿಗೇ ಮುಗಿಯಲಿಲ್ಲ. 2018ರಲ್ಲಿ ವಿಜ್ಞಾನಿಗಳು ಅದೇ ಉಪಕರಣದ ಹಳೆಯ ಮಾಹಿತಿಯನ್ನು ಮತ್ತೆ ಜಾಲಾಡಿದಾಗ, ಧ್ರುವಗಳ ಕತ್ತಲ ಕುಳಿಗಳ ಮೇಲ್ಮೈಯಲ್ಲಿ ಹಿಮವಿರುವುದಕ್ಕೆ ನೇರ ಪುರಾವೆ ಸಿಕ್ಕಿತು. ನೌಕೆ ಮೂಕವಾಗಿ ಒಂಬತ್ತು ವರ್ಷವಾದರೂ ಅದರ ಮಾತು ಉಳಿದಿತ್ತು!

ವಿದ್ಯಾರ್ಥಿಗಳು ಈ ಲೆಕ್ಕವನ್ನು ಮನೆಯಲ್ಲೇ ಮಾಡಿ ನೋಡಬಹುದು. ಮನೆಯ ಮೊಬೈಲುಗಳಲ್ಲಿರುವ ಫೋಟೊಗಳು ಎಷ್ಟು ಗಿಗಾಬೈಟ್? ವರ್ಷಕ್ಕೆ ಎಷ್ಟು ಬೆಳೆಯುತ್ತವೆ? ಐದು ವರ್ಷಕ್ಕೆ ಎಷ್ಟು ಜಾಗ ಬೇಕು? ಲೆಕ್ಕ ಮುಗಿದ ಮೇಲೆ ತಂದೆತಾಯಿಯರೂ ಕೈಜೋಡಿಸಲಿ. ಒಂದು ಪ್ರತಿ ಬಸವೇಶ್ವರನಗರದ ಮನೆಯಲ್ಲಿದ್ದರೆ, ಇನ್ನೊಂದನ್ನು ರಾಜಾಜಿನಗರದ ಅಜ್ಜಿಯ ಬೀರುವಿನಲ್ಲಿಡಿ. ವರ್ಷಕ್ಕೊಮ್ಮೆ ತೆರೆದು, ಓದಲು ಬರುತ್ತದೆಯೇ ಎಂದು ನೋಡುವುದನ್ನು ಮರೆಯಬೇಡಿ.